ನಾಗರತ್ನಾ ಮೇಡಂ ಅವರ ಸರ್ವನಾಮ

ದೇವದುರ್ಗದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನಾಗರತ್ನಾ ಮೇಡಂ ಅವರದು ವಿಚಿತ್ರ ಸಿಟ್ಟು. ಮಕ್ಕಳು ಸ್ಪೆಲ್ಲಿಂಗ್ ತಪ್ಪಿದರೆ ನಕ್ಕು ಬಿಡುತ್ತಿದ್ದರು, ಕ್ರಿಯಾಪದ ತಪ್ಪಿದರೆ ತಿದ್ದಿ ಕೊಡುತ್ತಿದ್ದರು. ಸರ್ವನಾಮ ತಪ್ಪಿತೋ, ಮುಗಿಯಿತು, ಕೈಯಲ್ಲಿದ್ದ ಚಾಕ್‌ಪೀಸು ಎರಡು ತುಂಡಾಗುತ್ತಿತ್ತು. ಹಿಂದಿನ ಬೆಂಚಿನವರು ಅವರಿಗೆ ‘ಹೀ‑ಶೀ ಮೇಡಂ’ ಎಂದೇ ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೆ ಖುಷಿಯೂ ಇತ್ತು.

ನಮ್ಮ ಕಡೆ ಮನೆಯ ಹೆಣ್ಣುಮಗುವನ್ನು ಮುದ್ದಿಗೆ ‘ಅದು’ ಅನ್ನುತ್ತಾರೆ. ಅದು ಉಂಡಿತೇ, ಅದು ಮಲಗಿತೇ ಎಂದು ಕೇಳುವುದರಲ್ಲಿ ಅಕ್ಕರೆ ಇರುತ್ತದೆ. ಮಕ್ಕಳು ಆ ಅಕ್ಕರೆಯನ್ನು ಹಾಗೇ ಹೊತ್ತುಕೊಂಡು ಇಂಗ್ಲಿಷಿಗೆ ಹೋಗಿ ತಂಗಿಯನ್ನು ‘ಇಟ್’ ಮಾಡಿಬಿಡುತ್ತಿದ್ದರು.

‘ಇಟ್ ಅನ್ನಾಕ ನಿನ್ನ ತಂಗಿ ಏನು ಕುರ್ಚಿ ಏನಲೇ?’ ಎಂದು ಮೇಡಂ ಗದರುತ್ತಿದ್ದರು. ಹೆಡ್‌ಮಾಸ್ತರರ ಬಗ್ಗೆ ಬರೆಯುವಾಗ ಮರ್ಯಾದೆಗೆಂದು ‘ದೇ’ ಎಂದು ಬರೆದವನಿಗೆ ಬೇರೆ ಪೂಜೆ. ‘ಒಬ್ಬರನ್ನ ಸಂಭಾಳಿಸೋದ ನಮಗ ಸಾಕಾಗ್ಯದ. ನೀ ಎಷ್ಟು ಮಂದಿ ಮಾಡಿಟ್ಟೀ?’

ಮನೆಯಲ್ಲೂ ಇದೇ ಕಥೆ. ಗಂಡ ಬಸವಲಿಂಗ ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವವರು. ಒಮ್ಮೆ ಪರರಾಜ್ಯದ ವ್ಯಾಪಾರಿಯ ಜೊತೆ ಫೋನಿನಲ್ಲಿ ಜಂಬದಿಂದ, ‘ಮೈ ವೈಫ್ ಈಸ್ ಟೀಚರ್. ಹೀ ಗೋಸ್ ಬೈ ಬಸ್’ ಎಂದುಬಿಟ್ಟರು. ಆ ಸಂಜೆ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳಿತು.

ಇಂಥ ಮೇಡಂಗೆ ಈ ವರ್ಷ ಒಂದೇ ಆಸೆ ಇತ್ತು. ರಾಯಚೂರಿನಲ್ಲಿ ನಡೆಯುವ ಜಿಲ್ಲಾ ಮಟ್ಟದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ತಮ್ಮ ಶಾಲೆಯಿಂದ ಈವರೆಗೆ ಯಾರೂ ಏರಿರಲಿಲ್ಲ. ಒಂಬತ್ತನೇ ತರಗತಿಯ ವಿಶಾಖಾ ಏರಬಲ್ಲಳು ಎಂಬ ನಂಬಿಕೆ ಅವರಿಗಿತ್ತು. ವಿಷಯ ‘ನನ್ನ ತಾಯಿ’. ವಿಶಾಖಾಳ ತಾಯಿ ಯಮನಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ. ಹುಡುಗಿ ಗಂಟಲು ತೆರೆದರೆ ಸ್ಟಾಫ್ ರೂಮು ಸುಮ್ಮನಾಗುತ್ತಿತ್ತು. ಆದರೆ ಬರೆದು ತಂದ ಭಾಷಣದ ತುಂಬ ತಾಯಿಗೆ ‘ದೇ’, ‘ದೇ’. ಮೇಡಂ ಎಷ್ಟು ಸಲ ಹೊಡೆದು ಹಾಕಿದರೂ ಮರುದಿನ ಅದೇ.

‘ಶೀ ಅನ್ನಾಕ ಏನು ಧಾಡಿ ನಿನಗ?’

‘ನಾ ಅನ್ನಂಗಿಲ್ರೀ ಮೇಡಂ,’ ಅಂದಳು ವಿಶಾಖಾ, ನೆಲ ನೋಡುತ್ತ. ‘ನಮ್ಮವ್ವಗ ಎಲ್ಲಾರೂ ಅಕಿ, ಇಕಿ, ನೀ ಅಂತಾರ್ರಿ. ನಾನಾರ ಅವರು ಅನ್ನಬೇಕಂತ ಮಾಡೀನಿ. ಶೀ ಅನ್ನೂದಿದ್ರ ನಾ ರಾಯಚೂರಿಗೇ ಬರಂಗಿಲ್ರಿ.’

ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ದನಿ ತಗ್ಗಿಸಿ, ‘ಹುಚ್ಚಿ, ಇಂಗ್ಲಿಷಿನಾಗ ಒಬ್ಬರಿಗೆ ಮರ್ಯಾದಿ ಕೊಡಾಕ ಬ್ಯಾರೆ ಶಬ್ದನ ಇಲ್ಲ. ರಾಣಿ ಇದ್ರೂ ಶೀ, ಡಿ.ಸಿ. ಮೇಡಂ ಇದ್ರೂ ಶೀ’ ಅಂದರು.

‘ನಿಮಗೂ ಏನ್ರೀ?’

‘ನನಗೂ ಶೀನ.’

‘ನಿಮಗೂ ಶೀ, ನಮ್ಮವ್ವಗೂ ಶೀ. ಇಬ್ಬರಿಗೂ ಒಂದ ಏನ್ರೀ?’

‘ಹೂಂ, ಒಂದ.’

ಹುಡುಗಿಯ ಮುಖ ಅರಳಿತು. ‘ಹಂಗಾದ್ರ ಅಂತೀನ್ರಿ’ ಎಂದು ಓಡಿಹೋದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಬರೀ ಸಂತೋಷವಿತ್ತು. ಗೆದ್ದ ಹುರುಪಿನಲ್ಲಿ ಮೇಡಂ ಬಾಗಿಲ ಕಡೆ ತಿರುಗಿ ದಿನದಂತೆ ಕೂಗಿದರು: ‘ಯಮನವ್ವಾ, ನೀ ಒಂದು ಗ್ಲಾಸು ನೀರು ತಾ ಬೇ.’

ಕೂಗಿದ ಮೇಲೆ ಆ ‘ನೀ’ ಅವರ ಕಿವಿಗೇ ಬಡಿಯಿತು. ಯಮನಮ್ಮ ನೀರು ತಂದಿಟ್ಟು ಹೋದಳು. ಆಕೆ ತಮಗಿಂತ ಹತ್ತು ವರ್ಷಕ್ಕೆ ದೊಡ್ಡವಳು ಎಂಬುದು ಮೇಡಂಗೆ ಅವತ್ತೇ ಹೊಳೆದದ್ದು. ನಾಚಿಕೆಯಾಯಿತು.

ನಾಳೆಯಿಂದ ‘ನೀವು’ ಅನ್ನಬೇಕು ಎಂದುಕೊಂಡರು. ಹೇಳುವಷ್ಟು ಸುಲಭವಿರಲಿಲ್ಲ. ಹುಟ್ಟಿದ ಮನೆಯಲ್ಲಿ ಆಳುಮಕ್ಕಳಿಗೆಲ್ಲ ‘ನೀ’ ಅಂದೇ ತಿರುಗಿದ ನಾಲಿಗೆ. ಅಲ್ಲದೆ ಇದ್ದಕ್ಕಿದ್ದಂತೆ ‘ನೀವು’ ಅಂದರೆ ಸ್ಟಾಫ್ ರೂಮಿನವರು ಏನಂದಾರು ಎಂಬ ಸಂಕೋಚ ಬೇರೆ. ಹಾಗಾಗಿ ಮೇಡಂ ಸರ್ವನಾಮವನ್ನೇ ನುಂಗಿ ಮಾತಾಡತೊಡಗಿದರು. ‘ನೀರು ಸಿಗ್ತಾವೇನು?’ ‘ಇವತ್ತು ಸಾರು ಛಲೋ ಆಗಿತ್ತು.’ ಊರಿಗೆಲ್ಲ ಹೀ, ಶೀ ಕಲಿಸಿದ ಹೆಣ್ಣುಮಗಳು ಸರ್ವನಾಮವಿಲ್ಲದ ವಾಕ್ಯಗಳಲ್ಲಿ ದಿನ ದೂಡುತ್ತಿದ್ದದ್ದು ನೋಡಿದರೆ ಪಾಪ ಅನ್ನಿಸುತ್ತಿತ್ತು.

ಸ್ಪರ್ಧೆಯ ದಿನ ಬಂತು. ಮೇಡಂ, ವಿಶಾಖಾ, ಯಮನಮ್ಮ ಮೂವರೂ ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಹೋದರು. ಸಭಾಂಗಣದಲ್ಲಿ ಮೇಡಂ ಮುಂದಿನ ಸಾಲಿನಲ್ಲಿ ಕೂತರು. ಯಮನಮ್ಮ ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಆಚೆಯೇ ನಿಂತಳು. ಕರೆದವರಿಲ್ಲ, ತಾನಾಗಿ ಬರುವವಳೂ ಅಲ್ಲ.

ವಿಶಾಖಾ ವೇದಿಕೆಗೆ ಬಂದಳು. ‘ಮೈ ಮದರ್ಸ್ ನೇಮ್ ಈಸ್ ಯಮನಮ್ಮ’ ಅಂದಳು. ಮುಂದೆ ಮಾತು ಹೊರಡಲಿಲ್ಲ. ತೀರ್ಪುಗಾರರೊಬ್ಬರು ಗಡಿಯಾರ ನೋಡಿದರು. ಮರೆತಿದ್ದಾಳೆ ಎಂದು ಪಕ್ಕದವರು ಪಿಸುಗುಟ್ಟಿದರು. ಮರೆತಿಲ್ಲವೆಂದು ಮೇಡಂಗೆ ಗೊತ್ತು. ಹುಡುಗಿಯ ಕಣ್ಣು ಬಾಗಿಲಲ್ಲಿತ್ತು. ಇಷ್ಟೆಲ್ಲ ಕುರ್ಚಿ ಖಾಲಿ ಇರುವಾಗ ಅವ್ವ ಹೊರಗೆ ನಿಂತಿದ್ದಳು.

ನಾಗರತ್ನಾ ಎದ್ದರು. ಎಲ್ಲರ ಕಣ್ಣೆದುರು ಬಾಗಿಲತನಕ ನಡೆದು ಹೋದರು.

‘ಯಮನಮ್ಮನವರೇ, ನೀವು ಒಳಗ ಬರ್ರಿ. ನನ್ನ ಬಾಜೂಕ ಕುಂದರ್ರಿ.’

ಯಮನಮ್ಮ ಹಿಂದೆ ತಿರುಗಿ ನೋಡಿದರು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಮೇಡಂ ತಾವೇ ಅವರ ಕೈ ಹಿಡಿದು ಕರೆತಂದರು. ಯಮನಮ್ಮ ಕುರ್ಚಿಯ ಅಂಚಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

ವೇದಿಕೆಯ ಮೇಲೆ ದನಿ ಮತ್ತೆ ಹೊರಟಿತು. ಶೀ ಕುಕ್ಸ್ ಫಾರ್ ಅವರ್ ಸ್ಕೂಲ್. ಶೀ ನೋಸ್ ಎವ್ರಿ ಚೈಲ್ಡ್. ಪ್ರತಿಯೊಂದು ಶೀ ಕೂಡ ಸಭಾಂಗಣದ ಗೋಡೆಗೆ ತಾಕುವಂತಿತ್ತು.

ಯಮನಮ್ಮ ಸ್ವಲ್ಪ ಹೊತ್ತು ಕೇಳಿ, ಗಾಬರಿಯಿಂದ ಮೇಡಂ ಕಿವಿಯ ಹತ್ತಿರ ಬಾಗಿದರು. ‘ಎಲ್ಲಾರ ಮುಂದ ಛೀ, ಛೀ ಅನ್ನಾಕತ್ತಾಳಲ್ರೀ. ಯಾರಿಗೆ ಅನ್ನಾಕತ್ತಾಳ?’

‘ಅದು ಛೀ ಅಲ್ರಿ, ಶೀ,’ ಅಂದರು ನಾಗರತ್ನಾ. ‘ಹಂಗಂದ್ರ ನೀವು.’