ಶಾರದತ್ತಿ ಕಲಿಸಿದ ಶಬ್ದ

ಮೊನ್ನೆ ಕೊಪ್ಪಳದ ನಮ್ಮ ಮನೆಯಲ್ಲಿ ಮಗಳು ಪಾಠ ಓದುತ್ತ, ಗೊತ್ತಿಲ್ಲದ ಶಬ್ದವೊಂದನ್ನು ಫೋನಿಗೆ ಕೇಳಿದಳು. ಫೋನಿನ ಹೆಣ್ಣುದನಿ ‘ಸಿಟಡೆಲ್’ ಎಂದು ಎರಡು ಸಲ ಹೇಳಿತು. ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಕಿವಿಗೆ ಬಿದ್ದರೆ ಸಾಕು, ಎದೆ ಧಸಕ್ಕೆನ್ನುವ ಒಂದು ಶಬ್ದ ನಿಮಗೂ ಇದ್ದೀತು. ನನಗೆ ಇದು.

ಯಲಬುರ್ಗಾ ಕಡೆಯ ನಮ್ಮ ಊರಮನೆ ಹಳೆಯ ಹುಡೇವಿಗೆ ಬೆನ್ನು ಕೊಟ್ಟು ನಿಂತಿತ್ತು. ಊರ ಕಾವಲಿಗೆಂದು ಯಾವ ಕಾಲದಲ್ಲೋ ಕಟ್ಟಿದ ದುಂಡನೆಯ ಕಲ್ಲಿನ ಬುರುಜು ಅದು. ಅಡುಗೆಮನೆಯ ಹಿಂದಿನ ಗಿಡ್ಡ ಬಾಗಿಲು ದಾಟಿದರೆ ಅದರ ಹೊಟ್ಟೆಯೊಳಗೊಂದು ಕೋಲಿ, ಸಣ್ಣ ಕೋಣೆ; ನಡುಬೇಸಿಗೆಯಲ್ಲೂ ತಂಪು, ಜೋಳದ ಚೀಲಗಳ ನಡುವೆ ಒಣ ಬೇವಿನೆಲೆಯ ಕಹಿ ವಾಸನೆ. ಅಪ್ಪನ ತಂಗಿ ಶಾರದತ್ತಿ, ಗಂಡ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ತವರಿಗೆ ಬಂದವಳು, ಅಲ್ಲೇ ಕೂತು ಬಿ.ಎ. ಪರೀಕ್ಷೆಗೆ ಓದುತ್ತಿದ್ದಳು. ‘ಇನ್ನ ಇದ ನಿನ್ನ ಮನಿ. ಯಾರೂ ನಿನ್ನ ಮುಟ್ಟಂಗಿಲ್ಲ’ ಎಂದು ಅಜ್ಜ ಹೇಳಿದ್ದರು. ಆಗ ನನಗೆ ಒಂಬತ್ತು ವರ್ಷ. ಒಂದು ದಿನ ದಪ್ಪ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಿ ವಿವರಿಸಿದಳು: ‘ಫೋರ್ಟ್ ಅಂದ್ರ ಕ್ವಾಟಿ. ಸಿಟಡೆಲ್ ಅಂದ್ರ ಕ್ವಾಟಿಯೊಳಗಿನ ಕ್ವಾಟಿ. ಇಟಲಿ ದೇಶದ ಮಾತು, ಸಣ್ಣ ಪಟ್ಟಣ ಅಂತ ಮೂಲ ಅರ್ಥ. ಊರೆಲ್ಲಾ ವೈರಿ ಕೈಗೆ ಹೋದ್ರೂ ಕಡೀಕ ಹೊಕ್ಕು ಉಳಿಯೂ ಜಾಗಾ.’ ಕೋಲಿಯ ಗೋಡೆ ತಟ್ಟಿ ನಕ್ಕಳು. ‘ಇದು ನಮ್ದು.’

ನಾಲ್ಕೇ ದಿನಕ್ಕೆ ಅವಳ ಗಂಡ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಅತ್ತಿ ಕೋಲಿ ಹೊಕ್ಕು ಒಳಗಿನಿಂದ ಅಗಳಿ ಹಾಕಿಕೊಂಡಳು. ‘ಆಕಿ ಊರಾಗಿಲ್ರಿ’ ಎಂದು ಅವ್ವ ಹೇಳುತ್ತಿದ್ದಳು. ಮಾವ ನನ್ನನ್ನು ಹತ್ತಿರ ಕರೆದು, ‘ನಿಮ್ಮತ್ತಿ ಎಲ್ಲಿ ಅದಾಳವ್ವಾ?’ ಎಂದು ಮೆತ್ತಗೆ ಕೇಳಿದ.

‘ಸಿಟಡೆಲ್‌ನಾಗ’ ಎಂದೆ, ಹೊಸ ಶಬ್ದದ ಹೆಮ್ಮೆಯಲ್ಲಿ.

‘ಹಂಗಂದ್ರ?’

ನಾನು ಗಿಡ್ಡ ಬಾಗಿಲಿನತ್ತ ಬೆರಳು ಮಾಡಿ ಅರ್ಥ ಹೇಳಿದೆ.

ಅವ್ವನ ಮುಖ ಬಿಳಿಚಿಕೊಂಡಿತು. ಅಜ್ಜ ಅವರನ್ನು ಹೊರಗೆ ಅಟ್ಟುತ್ತಾರೆಂದು ನಾನು ಕಾದೆ. ಅಜ್ಜ ಎದ್ದರು, ಹಿರಿಯರ ಮುಖ ನೋಡಿದರು, ಸೀದಾ ಬಾಗಿಲ ಬಳಿ ಹೋಗಿ ‘ನಾನವ್ವಾ, ಶಾರದಾ. ಬಾಗ್ಲಾ ತಗಿ’ ಎಂದರು. ಆ ದನಿಯನ್ನು ನಂಬಿ ಅತ್ತಿ ತೆಗೆದಳು. ಅಜ್ಜ ಅವಳ ನೋವಿನ ಕೈಯನ್ನೇ ಹಿಡಿದು ತಂದು ಗಂಡನ ಮುಂದೆ ನಿಲ್ಲಿಸಿದರು. ‘ಮಂದಿ ಮುಂದ ಮರ್ಯಾದಿ ಕಳೀಬ್ಯಾಡ, ನಡಿ.’ ಅತ್ತಿ ಚೀರಲಿಲ್ಲ. ಯಾರೋ ಅಪರಿಚಿತನನ್ನು ನೋಡುವಂತೆ ಅಜ್ಜನ ಮುಖ ನೋಡಿದಳು. ನನಗೆ ನಿಂತಲ್ಲೇ ಉಚ್ಚೆ ಹೋಯಿತು.

ಎರಡು ತಿಂಗಳಿಗೆ ಅವಳು ಗಂಡನ ಮನೆ ಬಿಟ್ಟು ಒಬ್ಬಳೇ ಗಂಗಾವತಿ ಸೇರಿದಳು. ಮಕ್ಕಳಿಗೆ ಮನೆಪಾಠ ಹೇಳುತ್ತ ಪರೀಕ್ಷೆ ಮುಗಿಸಿ, ಇಂಗ್ಲಿಷ್ ಟೀಚರಾದಳು. ಅಜ್ಜ ತೀರಿಕೊಂಡಾಗಲೂ ಊರಿಗೆ ಬರಲಿಲ್ಲ. ಹುಡೇವು, ಮನೆ ಎರಡೂ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ನೆಲಸಮ ಮಾಡಿತು. ಕಳೆದ ವರ್ಷ ಅತ್ತಿ ಹಾಸಿಗೆ ಹಿಡಿದಾಗ ನಾನು ಪಕ್ಕದಲ್ಲಿ ಕೂತು, ‘ಅವತ್ತ ನಾನ ಹೇಳಿಬಿಟ್ಟೆ’ ಎಂದು ಅತ್ತುಬಿಟ್ಟೆ. ಅವಳು ನನ್ನ ತಲೆ ಸವರಿದಳು.

‘ನೀ ಹೇಳದಿದ್ರೂ ಅವರು ಹುಡುಕ್ತಿದ್ರು ಬಿಡ. ಬಾಗ್ಲಾ ತಗದಾಕಿ ನಾ. ಈಗ ಕರದ್ರೂ ತಗೀತೀನೇನೋ. ಅಪ್ಪನ ದನಿ ಅದು.’

ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ಶ್ರಾವಣ ಬರುವ ಮೊದಲೇ ಹೋಗಿಬಿಟ್ಟಳು.