ಮೂರನೆಯ ಚರಣದ ಮೇಷ್ಟ್ರು

ಚರ್ಚಿನ ಆರಾಧನೆಯಲ್ಲಿ ಹಾಡೆಂಬುದು ಉಪದೇಶದ ಪ್ರಸಂಗ ಶುರುವಾಗುವವರೆಗಿನ ಕಾಲಹರಣವಲ್ಲ, ಸಾಮಾನ್ಯ ವಿಶ್ವಾಸಿ ತನ್ನ ದೇವಜ್ಞಾನವನ್ನು ಕಲಿಯುವುದೇ ಅಲ್ಲಿ ಎಂದು ಜೀವಮಾನವಿಡೀ ಸಾರಿದ ವಿದ್ವಾಂಸರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಅಗ್ರಗಣ್ಯರಾದವರು ಈ ತಿಂಗಳು ನಮ್ಮ ದೇವಜ್ಞಾನ ಕಾಲೇಜಿನಿಂದ ನಿವೃತ್ತರಾಗುತ್ತಿದ್ದಾರೆ. ಗಾಯನ ಮಂಡಳಿಯವರು ಅವರಿಗಿಟ್ಟ ಅಡ್ಡಹೆಸರು ‘ಮೂರನೆಯ ಚರಣದ ಮೇಷ್ಟ್ರು’. ಅವರೊಡನೆ ಅವರ ವಿಷಯವೂ ನಿವೃತ್ತಿಯಾಗುತ್ತಿದೆ. ಬರುವ ವರ್ಷದಿಂದ ಗೀತೆಗಳ ಇತಿಹಾಸವನ್ನು ಯಾರೂ ಕಲಿಸುವುದಿಲ್ಲವೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಇಂಥ ಹೊತ್ತಿನಲ್ಲಿ ಅಭಿನಂದನೆಯೆಂಬ ಮಾತೇ ನಾಲಿಗೆಗೆ ಭಾರ.

ಅಡ್ಡಹೆಸರಿಗೆ ಕಾರಣವಿದೆ. ಹೊತ್ತಾಯಿತೆಂದು ಆರಾಧನೆ ನಡೆಸುವ ಸಭಾಪಾಲಕರು "ಒಂದು, ಎರಡು, ಕೊನೇದು ಹಾಡೋಣ" ಎನ್ನುವುದು ನಮ್ಮ ರೂಢಿ. ನಡುವಿನ ಮೂರನೆಯ ಚರಣ ಪುಸ್ತಕದಲ್ಲೇ ಉಳಿಯುತ್ತದೆ. ಮೇಷ್ಟ್ರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಮೊದಲೆರಡು ಚರಣ ಸ್ತುತಿ, ಕೊನೆಯದು ನಿರೀಕ್ಷೆ. ನೋವು, ಸಂದೇಹ, ದೇವರೇ ಯಾಕೆ ಸುಮ್ಮನಿದ್ದೀ ಎಂಬ ದೂರು ಇರುವುದೆಲ್ಲ ಮೂರನೆಯದರಲ್ಲಿ. ಅದನ್ನು ಬಿಟ್ಟರೆ ಶಿಲುಬೆಯನ್ನು ದಾಟಿಕೊಂಡು ಪುನರುತ್ಥಾನಕ್ಕೆ ಹೋದಂತೆ ಎಂಬುದು ಅವರ ವಾದ. "ಪ್ರಸಂಗಕ್ಕೆ ಮುಕ್ಕಾಲು ಗಂಟೆ ಇರುತ್ತೆ, ಅಳೋರಿಗೆ ಎರಡು ನಿಮಿಷ ಇರಲ್ಲ ಅಲ್ವಾ ಅಯ್ಯನವರೇ?" ಎಂದು ದೇವಾಲಯದ ಮೆಟ್ಟಿಲ ಮೇಲೆಯೇ ಸಭಾಪಾಲಕರನ್ನು ಅಡ್ಡಗಟ್ಟುತ್ತಿದ್ದರು. ಗಾಯನ ಮಂಡಳಿಯ ತಗ್ಗುದನಿಯಲ್ಲಿ ಹಾಡುತ್ತಿದ್ದ ಅವರ ಪತ್ನಿ ತೋಳು ಹಿಡಿದು ಎಳೆಯುತ್ತಿದ್ದರು: "ಬನ್ನಿ ಮನೆಗೆ. ಪರಲೋಕಕ್ಕೆ ಕಳಿಸಿದ್ರೂ ದೂತರ ಹತ್ರ ಜಗಳ ತೆಗೀತೀರಿ ನೀವು."

ತರಗತಿಯಲ್ಲಿ ಅವರು ಸಭೆಯ ಚರಿತ್ರೆಯನ್ನು ಹಾಡು ಯಾರ ಬಾಯಲ್ಲಿತ್ತು ಎಂಬುದರಿಂದ ಹೇಳುತ್ತಿದ್ದರು: ಮನೆಗಳಲ್ಲಿ ಕೂಡಿ ಎಲ್ಲರೂ ಹಾಡಿದ ಆದಿಸಭೆ, ತರಬೇತಾದವರು ಹಾಡಿ ಜನ ಬಾಯಿ ಮುಚ್ಚಿ ನಿಂತ ಶತಮಾನಗಳು, ಸುಧಾರಣೆಯ ಕಾಲದಲ್ಲಿ ಆಡುಮಾತಿನ ಗೀತೆ ಮತ್ತೆ ಜನರ ಬಾಯಿಗೆ ಬಂದದ್ದು. ಶ್ರುತಿ ಸೇರದ ಕಾವಲುಗಾರನಿಗೂ ಮಂಡಳಿಯಲ್ಲಿ ಜಾಗ ಕೊಟ್ಟರು. ಮುಖ ಸಿಂಡರಿಸಿದವರಿಗೆ "ದೇವರು ಶ್ರುತಿಪೆಟ್ಟಿಗೆ ಇಟ್ಕೊಂಡು ಕೂತಿಲ್ಲಪ್ಪ" ಎಂದರು. ತಂದೆಯನ್ನು ಕಳೆದುಕೊಂಡು, ಇನ್ನು ಹಾಡಲಾರೆನೆಂದ ವಿದ್ಯಾರ್ಥಿಯೊಬ್ಬನಿಗೆ ಅವರು ಉಪದೇಶ ಮಾಡಲಿಲ್ಲ. "ನೀನು ಸುಮ್ನೆ ನಿಂತ್ಕೋ. ನಿನ್ನ ಪಾಲಿಂದೂ ನಾವೇ ಹಾಡ್ತೀವಿ" ಎಂದು ತಿಂಗಳುಗಟ್ಟಲೆ ಅವನ ಪಕ್ಕದಲ್ಲೇ ನಿಂತು ಹಾಡಿದರು. ಆ ಹುಡುಗನೇ ಮುಂದೆ ನಮ್ಮ ಸಭಾಪಾಲಕರಾದರು.

ಎರಡು ವರ್ಷದ ಹಿಂದೆ ಮೇಷ್ಟ್ರ ಪತ್ನಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ಕೇಳಿಕೊಂಡದ್ದು ಒಂದೇ. "ನನ್ನ ಮಣ್ಣಿನ ದಿನ ನಾವು ಮನೇಲಿ ಹಾಡ್ತೀವಲ್ಲ, ಆ ಸಂಜೆಯ ಗೀತೆ ಹಾಡಿಸಿ. ಮೂರನೇ ಚರಣ ಬಿಡಬೇಡಿ. ಈಗ ನಂಗೆ ಅದೊಂದೇ ನಿಜ ಅನ್ಸೋದು." ಮೇಷ್ಟ್ರು ಗೀತೆ ಯಾವುದೆಂದು ತಿಳಿಸಿದರು, ಚರಣದ ಮಾತನ್ನು ತಮ್ಮ ಶಿಷ್ಯನೇ ಆದ ಸಭಾಪಾಲಕರಿಗೆ ಬೇರೆ ಹೇಳಬೇಕೇ ಎಂದುಕೊಂಡು ಸುಮ್ಮನಾದರು. ದೇವಾಲಯ ತುಂಬಿತ್ತು. ಸಭಾಪಾಲಕರು ಪೀಠದಿಂದ, ಎಂದಿನ ಬಾಯಭ್ಯಾಸದಲ್ಲಿ, "ಒಂದು, ಎರಡು, ಕೊನೇದು" ಎಂದುಬಿಟ್ಟರು. ಸಭೆ ಹಾಗೆಯೇ ಹಾಡಿತು. ಮೇಷ್ಟ್ರು ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡರು.

ಮಾರನೆಯ ದಿನ ಸಭಾಪಾಲಕರು ಮೇಷ್ಟ್ರ ಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರು. "ಬಾಯಿ ತಪ್ಪಿ ಬಂತು ಮೇಷ್ಟ್ರೇ."

"ತಪ್ಪಿ ಬರಲಿಲ್ಲ ಮಗಾ. ನಾನು ಕಲಿಸಿದ್ದು ನಿನ್ನ ಬಾಯಿಗೆ ಇಳಿದೇ ಇಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಮೇಷ್ಟ್ರು ಪಾಠ ಮಾಡಿದ್ದಾರೆ, ಆರಾಧನೆಗೆ ಬಂದಿದ್ದಾರೆ, ಹಾಡಿಲ್ಲ.

ಹೊಸ ಕೀರ್ತನೆ ಪುಸ್ತಕದ ಸಮಿತಿಯಲ್ಲೂ ಅವರಿದ್ದರು. "ಯಾರೂ ಹಾಡದೇ ಇರೋ ಚರಣಗಳನ್ನ ಅಚ್ಚು ಹಾಕೋದು ಯಾಕೆ?" ಎಂದು ಕಾರ್ಯದರ್ಶಿ ಕೇಳಿದಾಗ, ಇನ್ನೇನು ಗುಡುಗುತ್ತಾರೆಂದು ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬಿಟ್ಬಿಡಿ" ಎಂದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು, ಚಹಾ ಬಂತು.

ಈ ಅಭಿನಂದನಾ ಸಂಪುಟದ ಸುದ್ದಿ ತಿಳಿಸಲು ಹೋದವರಿಗೆ ಅವರು ಹೇಳಿದ್ದು ಇಷ್ಟೇ: "ಏನು ಬೇಕಾದ್ರೂ ಬರ್ಕೊಳ್ಳಿ. ಆಯುಸ್ಸು ಗೀಯುಸ್ಸು ಅಂತ ಹಾರೈಸ್ಬೇಡಿ, ಇರೋದೇ ಖರ್ಚಾಗ್ತಿಲ್ಲ." ಅವರ ಆ ಮಾತನ್ನು ಮೀರದೆ ನಮಗೆ ಗತ್ಯಂತರವಿಲ್ಲ. ಕಳೆದ ವಾರ ಅಧ್ಯಾಪಕರ ಕೋಣೆಯ ಬಾಗಿಲು ಹಾಕಿಕೊಂಡು ನಾವು ಕೆಲವರು, ಸಭಾಪಾಲಕರೂ ಸೇರಿ, ಬೀಳ್ಕೊಡುಗೆಯ ದಿನ ಆ ಗೀತೆಯನ್ನು ಪೂರ್ತಿಯಾಗಿ ಹಾಡಬೇಕೆಂದು ಅಭ್ಯಾಸಕ್ಕೆ ಕೂತೆವು. ಹಳೆಯ ಪುಸ್ತಕದಲ್ಲಿ ಮಾತುಗಳಿದ್ದವು. ಆದರೆ ಆ ಚರಣಕ್ಕೆ ಮಾತ್ರ ಬೇರೆ ಧಾಟಿಯೆಂದು ಮೇಲೆ ಬರೆದಿತ್ತು, ಆ ಧಾಟಿ ನಮ್ಮಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಬರುತ್ತಿದ್ದವರು ಇಬ್ಬರೇ. ಒಬ್ಬರನ್ನು ನಾವು ಮಣ್ಣು ಮಾಡಿ ಬಂದಿದ್ದೇವೆ. ಇನ್ನೊಬ್ಬರಿಗೆ ದೇವರು ದೀರ್ಘಾಯುಸ್ಸು ಕೊಡಲಿ, ಒಂದು ಸಲವಾದರೂ ಅವರು ಬಾಯಿ ತೆರೆಯುವಷ್ಟು ದೀರ್ಘ.