ಗೌಡರಿಂದ ಒಡಪು ಹೇಳಿಸಿದ ಮೇಡಮ್ಮೋರು

ನೀಲಮ್ಮ ಮೇಡಮ್ಮೋರು ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ. ಅವರು ಬರೀ ಪ್ರಶ್ನೆ ಕೇಳುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಿಂತು "ಬಾದಾಮಿ ಬಸ್ಸು ಹೋತೇನ್ರಿ?" ಎಂದು ವಿಚಾರಿಸುವಷ್ಟೇ ಮೆತ್ತಗಿನ ದನಿಯಲ್ಲಿ, "ನಿಮ್ಮ ಮನ್ಯಾಗ ಎಲ್ಲಾರಕಿಂತ ಕಡೀಕ ಉಣ್ಣೋರು ಯಾರ್ರಿ?" ಎನ್ನುತ್ತಿದ್ದರು. ಬಸ್ಸಿನ ಪ್ರಶ್ನೆಯಾದರೆ ಹೌದು, ಇಲ್ಲ ಎಂದು ಹೇಳಿ ಪಾರಾಗಬಹುದು. ಈ ಪ್ರಶ್ನೆಯನ್ನು ಹೊತ್ತು ಮನೆಗೆ ಹೋದವನು ತಾಟಿನ ಮುಂದೆ ನೆಟ್ಟಗೆ ಕೂಡುವಂತಿರಲಿಲ್ಲ.

ಇಳಕಲ್ಲಿನ ಒಂದು ಕಲಾ ಮಹಾವಿದ್ಯಾಲಯದಲ್ಲಿ ನಾನು ಇತಿಹಾಸ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂದರೆ ಆ ವಿಭಾಗದಲ್ಲಿ ಇರುವವನು ನಾನೊಬ್ಬನೇ ಎಂದರ್ಥ. ಕೆಲವು ವರ್ಷಗಳ ಹಿಂದೆ ಮೇಲಿನಿಂದ ಆದೇಶ ಬಂದು ನಮ್ಮಲ್ಲೂ ಸ್ತ್ರೀವಾದ ಮತ್ತು ಲಿಂಗತ್ವ ಅಧ್ಯಯನ ಎಂಬ ಐಚ್ಛಿಕ ವಿಷಯ ಶುರುವಾಯಿತು. ಅದಕ್ಕೊಂದು ವಿಭಾಗವಿರಲಿಲ್ಲ. ಎಲ್ಲಿಯೂ ಸೇರದ ವಸ್ತುಗಳೆಲ್ಲ ಇತಿಹಾಸಕ್ಕೆ ಸೇರತಕ್ಕವು ಎಂಬುದು ಪ್ರಾಚಾರ್ಯರ ಸಿದ್ಧಾಂತವಾದ್ದರಿಂದ ಅದನ್ನು ನನ್ನ ಕೊರಳಿಗೆ ಕಟ್ಟಿದರು. ಪಾಠ ಮಾಡಲು ಗುಡೂರಿನ ನೀಲಮ್ಮನವರನ್ನು ಅತಿಥಿ ಉಪನ್ಯಾಸಕಿಯಾಗಿ ತೆಗೆದುಕೊಂಡರು. ಕಡೆಯ ಬೆಂಚಿನಲ್ಲಿ ಕುಳಿತು ಉಸ್ತುವಾರಿ ನೋಡುವ ಗುರುತರ ಹೊಣೆ ನನ್ನದು.

ಅತಿಥಿ ಎಂದ ಮೇಲೆ ಗೊತ್ತೇ ಇದೆಯಲ್ಲ, ನೇಮಕ ವರ್ಷದಿಂದ ವರ್ಷಕ್ಕೆ. ವಿಷಯ ಉಳಿದರೆ ಮೇಡಮ್ಮೋರು ಉಳಿದಾರು. ವಿಷಯ ಹೋದರೆ ಅವರೂ ಹೋದಂತೆ. ಇದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆಯನ್ನು ಒಂದಿಷ್ಟು ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲವಲ್ಲ ಎಂಬುದು ನನ್ನ ಆಗಿನ ವ್ಯಥೆ.

ಮೊದಲ ವಾರವೇ ಸ್ಟಾಫ್ ರೂಮಿನಲ್ಲಿ ಒಂದು ಕ್ರಾಂತಿ ನಡೆಯಿತು. ಮಧ್ಯಾಹ್ನ ಗಂಡಸರ ಊಟ ಮುಗಿದ ಮೇಲೆ ಮಹಿಳಾ ಸಿಬ್ಬಂದಿ ಡಬ್ಬಿ ಬಿಚ್ಚುವುದು ನಮ್ಮಲ್ಲಿಯ ಪದ್ಧತಿ. ಮೇಡಮ್ಮೋರು ಬಂದವರೇ ಕೈ ತೊಳೆದುಕೊಂಡು ರೊಟ್ಟಿ, ಶೇಂಗಾ ಚಟ್ನಿ ತೆಗೆದು ಉಣ್ಣತೊಡಗಿದರು.

"ಮೇಡಮ್ಮೋರ, ಇನ್ನೂ ನಮ್ಮದ ಆಗಿಲ್ಲಲ್ರಿ," ಎಂದರು ಕನ್ನಡದ ಮೇಷ್ಟ್ರು.

"ನನಗ ಹಸಿವ್ಯಾಗೇತ್ರಿ. ನಿಮಗ ಆಗಿಲ್ಲೇನು?"

ಪಾಪ, ಅವರಿಗೂ ಹಸಿವಾಗಿತ್ತು. ಕುಳಿತರು. ಗಂಡಸರೂ ಹೆಂಗಸರೂ ಒಂದೇ ಮೇಜಿನ ಸುತ್ತ ಉಂಡರು. ಇಷ್ಟಾದರೂ ಕಟ್ಟಡ ಬೀಳಲಿಲ್ಲ.

ಅವರದೊಂದು ಮಾತಿತ್ತು: "ಹಂಗಂತ ಯಾರ ಹೇಳ್ಯಾರ್ರಿ?" ಪಟ್ಟದಕಲ್ಲಿಗೆ ಪ್ರವಾಸ ಹೋದಾಗ ನಾನು ವಿರೂಪಾಕ್ಷ ಗುಡಿಯ ಮುಂದೆ ನಿಂತು, ವರ್ಷಗಟ್ಟಲೆ ಹೇಳಿ ಪಳಗಿದ ದನಿಯಲ್ಲಿ, "ಇದು ವಿಕ್ರಮಾದಿತ್ಯನ ವಿಜಯದ ಗುಡಿ," ಎಂದು ಆರಂಭಿಸಿದೆ. ಹಿಂದಿನಿಂದ ಆ ಮೆತ್ತಗಿನ ದನಿ ಬಂತು. "ಹಂಗಂತ ಯಾರ ಹೇಳ್ಯಾರ್ರಿ ಸರ್? ಕಟ್ಟಿಸಿದಾಕಿ ರಾಣಿ ಅಲ್ರಿ?" ಹೌದು ಎಂದೆ. "ಮತ್ತ ಆಕಿ ಹೆಸರ ಯಾವಾಗ ಬರತೈತ್ರಿ?" ಬರುತ್ತಿತ್ತು, ಎರಡನೆಯ ವಾಕ್ಯದಲ್ಲೇ ಬರುತ್ತಿತ್ತು. ಆದರೆ ಆ ಹೊತ್ತಿಗೆ ಹುಡುಗರು ಎಳನೀರಿನ ಅಂಗಡಿಯ ಕಡೆ ನಡೆದಿರುತ್ತಿದ್ದರು. ಅಂದಿನಿಂದ ನಾನು ರಾಣಿ ಲೋಕಮಹಾದೇವಿಯಿಂದಲೇ ಶುರು ಮಾಡುತ್ತೇನೆ. ಈಗ ಎಳನೀರಿನ ಪಾಲಿಗೆ ಹೋಗಿರುವವನು ವಿಕ್ರಮಾದಿತ್ಯ.

ಈ ವಿಷಯಕ್ಕೆ ಹುಡುಗರು ಸೇರಿದ್ದು "ಹೆಣ್ಮಕ್ಕಳ ಸಬ್ಜೆಕ್ಟು, ಪಾಸಾಗೂದು ಹಗರ" ಎಂಬ ನಂಬಿಕೆಯಿಂದ. ಎರಡನೆಯ ವರ್ಷದ ಹೊತ್ತಿಗೆ ಅದರ ಪರಿಣಾಮ ಊರಿನಲ್ಲಿ ಕಾಣಿಸಿಕೊಂಡಿತು. ಒಂದು ದಿನ ಸೀರೆ ಅಂಗಡಿಯ ಯಜಮಾನರೊಬ್ಬರು ನೇರವಾಗಿ ಪ್ರಾಚಾರ್ಯರ ಕೋಣೆಗೆ ನುಗ್ಗಿದರು. ನಾನೂ ಅಲ್ಲಿದ್ದೆ.

"ಸರ, ನಿನ್ನಿ ನನ್ನ ಮಗಾ ಉಂಡ ತಾಟ ತಾನ ತೊಳದಾನ್ರಿ!"

"ಚಲೋ ಆತಲ್ರಿ," ಎಂದರು ಪ್ರಾಚಾರ್ಯರು.

"ಏನ್ ಚಲೋರಿ! ಅವರವ್ವ ಅಳಾಕ ಹತ್ಯಾಳ, ಹುಡುಗಗ ಯಾರೋ ಏನೋ ಮಾಡಿಸ್ಯಾರ ಅಂತ. ಅಂತ್ರ ಕಟ್ಟಿಸಾಕ ಹೊಂಟಾಳ!"

ದೂರು ಸಂಸ್ಥೆಯ ಅಧ್ಯಕ್ಷರಾದ ಶಂಕರಗೌಡರವರೆಗೆ ಹೋಯಿತು. ತಾವೇ ಬಂದು ಒಂದು ಪಾಠ ಕೇಳಿ, ವಿಷಯ ಇರಬೇಕೋ ತೆಗೆಯಬೇಕೋ ತೀರ್ಮಾನಿಸುವುದಾಗಿ ಗೌಡರು ಹೇಳಿ ಕಳಿಸಿದರು. ನಾನು ಮೇಡಮ್ಮೋರನ್ನು ಬದಿಗೆ ಕರೆದು, "ಗೌಡ್ರು ಬರೂ ದಿನ ಏನರ ಮೆತ್ತಗಿಂದ ತಗೋರಿ. ಮಹಿಳಾ ಶಿಕ್ಷಣ, ಗೃಹ ಕೈಗಾರಿಕೆ, ಇಂಥಾದ್ದು," ಎಂದು ಬೇಡಿಕೊಂಡೆ.

"ಮೆತ್ತಗಿಂದ ತಗೋತೇನ್ರಿ ಸರ್. ಒಡಪು ತಗೋತೇನಿ," ಎಂದರು. ನನಗೆ ಎಷ್ಟೋ ಹಗುರವಾಯಿತು. ಮದುವೆಯಾಗಿ ಬಂದ ಸೊಸೆಯನ್ನು ನಾದಿನಿಯರು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳಿಸುವ ಒಡಪಿಗಿಂತ ಮಂಗಳಕರವಾದ ವಿಷಯ ಇನ್ನಾವುದಿದೆ?

ಗೌಡರು ಬಂದು ಕುಳಿತರು. ಮೇಡಮ್ಮೋರು ಒಡಪಿನ ಬಗ್ಗೆ ಚೆಂದವಾಗಿ ಹೇಳಿದರು. ಗೌಡರು ತಲೆದೂಗಿದರು. ಅನಂತರ ಮೇಡಮ್ಮೋರು ಹುಡುಗರ ಕಡೆ ತಿರುಗಿದರು.

"ನಿಮ್ಮಪ್ಪ ನಿಮ್ಮವ್ವನ್ನ ಏನಂತ ಕರೀತಾರ?"

"ಏ ಇಕಿನ ಅಂತಾರ್ರಿ."

"ನನ್ನ ಹೆಸರ ಹಿಡದು ಕರೀತಾರ್ರಿ. ಅವ್ವ ಓ ಅಂತಾಳ."

"ನಮ್ಮಪ್ಪ ಕೆಮ್ಮತಾರ್ರಿ," ಎಂದ ಸೀರೆ ಅಂಗಡಿಯವರ ಮಗ.

ಕೋಣೆ ನಕ್ಕಿತು. ಗೌಡರೂ ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮೇಡಮ್ಮೋರು ಗೌಡರಿಗೆ ಕೈ ಮುಗಿದು, "ಸಾಹೇಬ್ರ, ನಿಮ್ಮ ಮನಿಯವರ ಹೆಸರಿಟ್ಟು ನೀವೊಂದು ಒಡಪ ಹೇಳಿದ್ರ ಹುಡುಗೂರಿಗಿ ತಿಳೀತೈತ್ರಿ," ಎಂದುಬಿಟ್ಟರು.

ಗೌಡರು ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ. ಆದರೆ ಎಷ್ಟೋ ಚುನಾವಣೆಗಳಿಗೆ ಎದೆಗೊಟ್ಟ ಮನುಷ್ಯ ಹುಡುಗರ ಮುಂದೆ ಹಿಂದೆ ಸರಿದಾನೆಯೇ? ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, ಭಾಷಣದ ದನಿಯಲ್ಲಿ ಹೇಳಿದರು:

"ಮಲಪ್ರಭಾ ಹೊಳಿ ದಂಡ್ಯಾಗ ತೂಗ್ಯಾವ ಬಿಳಿಜೋಳದ ತೆನಿ,
ಶಂಕರಗೌಡ್ರ ಹೆಸರ ಹೇಳಿ ತುಂಬತೀನಿ ಅವರ ಮನಿ!"

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಗೌಡರು ತಮ್ಮ ಜೀವಮಾನದಲ್ಲಿ ಮನಸ್ಸಿಟ್ಟು ಕೇಳಿದ ಒಡಪು ಅದೊಂದೇ. ಲಗ್ನದ ದಿನ ಹೊಸ್ತಿಲಲ್ಲಿ ನಿಂತು ಅವರ ಹೆಂಡತಿ ಹೇಳಿದ್ದು. ಅದನ್ನೇ ಹಾಗೆಯೇ ಒಪ್ಪಿಸಿದ್ದರು. ಅಂದರೆ ಶಂಕರಗೌಡರು ಶಂಕರಗೌಡರ ಮನೆಗೆ ಸೊಸೆಯಾಗಿ ಬಂದಿದ್ದರು.

"ಬರ್ರೀ ಗೌಡ್ರ, ಬಲಗಾಲ ಇಟ್ಟು ಒಳಗ ಬರ್ರಿ!" ಎಂದಳು ಮುಂದಿನ ಬೆಂಚಿನ ರೇಣುಕಾ. ಆಮೇಲೆ ಎದ್ದ ನಗೆಯನ್ನು ವರ್ಣಿಸುವುದು ನನ್ನ ಹುದ್ದೆಯ ಘನತೆಗೆ ತಕ್ಕದ್ದಲ್ಲ.

ಮೇಡಮ್ಮೋರು ನಗಲಿಲ್ಲ. "ಲಗ್ನದಾಗ ಕೇಳಿದ್ದು ಇನ್ನೂ ನೆನಪ ಇಟಗೊಂಡೀರಿ," ಎಂದರು ಮೆಲ್ಲಗೆ. ಗೌಡರು ಚೂಡಾ, ಚಹಾ ಎರಡನ್ನೂ ಮುಟ್ಟದೆ ಕಾರು ಹತ್ತಿದರು. ವಿಷಯ ತೀರಿಹೋಯಿತೆಂದು ನಾವು ಮೌನ ಆಚರಿಸಿದೆವು.

ಮಾರನೆಯ ದಿನ ಅದೇ ಕಾರು ಮತ್ತೆ ಬಂತು. ಇಳಿದವರು ಗೌಡರ ಹೆಂಡತಿ, ಗೌಡಸಾನಿ. ತಲೆಯ ಮೇಲೆ ಸೆರಗು, ಮುಖದಲ್ಲಿ ಇನ್ನೂ ಆರದ ನಗು. ಪ್ರಾಚಾರ್ಯರ ಮುಂದೆ ನಿಂತೇ ಹೇಳಿದರು: "ನನ್ನ ಹೆಸರ ಗಂಗವ್ವ. ಅದನ್ನ ಹೇಳಾಕ ನಮ್ಮ ಗೌಡ್ರಿಗಿ ಬರೂ ತನಕಾ ಈ ಕ್ಲಾಸ ಬಂದ ಮಾಡಂಗಿಲ್ಲ. ಇಷ್ಟ ಹೇಳಾಕ ಬಂದೆ." ಮೇಡಮ್ಮೋರ ಗಲ್ಲ ಹಿಡಿದು ಮಾತಾಡಿಸಿ ಹೋದರು.

ವಿಷಯ ಉಳಿಯಿತು. ಆಡಳಿತ ಮಂಡಳಿಯ ಸಭೆಯಲ್ಲಿ ಗೌಡರೇ ಎದ್ದು, ಇದು ಭಾಳ ಮಹತ್ವದ ವಿಷಯ ಎಂದು ಸಾರಿದರು. ಅಷ್ಟು ಮಹತ್ವದ ವಿಷಯವನ್ನು ಅತಿಥಿಯ ಕೈಯಲ್ಲಿ ಬಿಡುವುದು ತರವಲ್ಲವೆಂದೂ, ಹಿರಿಯರೂ ಖಾಯಂ ನೌಕರರೂ ಆದ ಇತಿಹಾಸದ ಮುಖ್ಯಸ್ಥರೇ ಇನ್ನು ಮುಂದೆ ಕಲಿಸತಕ್ಕದ್ದೆಂದೂ ಠರಾವಾಯಿತು. ಗೌಡಸಾನಿಯವರು ಕ್ಲಾಸು ನಿಲ್ಲಬಾರದು ಎಂದಿದ್ದರೇ ಹೊರತು, ಯಾರು ನಡೆಸಬೇಕೆಂದು ಹೇಳಿರಲಿಲ್ಲವಲ್ಲ.

ನಾನು ಗೌಡರ ಮನೆಗೆ ಹೋದೆ. "ಗೌಡ್ರ, ನನಗ ಇದರ ಗಂಧ ಇಲ್ರಿ. ಅವರನ್ನ ಇಡ್ರಿ."

"ಎರಡ ವರ್ಷ ಕಡೀ ಬೆಂಚಿನ್ಯಾಗ ಕುಂತು ಕೇಳೀರಲ್ರಿ."

"ಕೇಳೇನ್ರಿ. ಕಲಿಸೋರು ಅವರು."

"ಇರ್ಲಿ ತಗೋರಿ. ನಮ್ಮ ಗಂಗವ್ವ ಹೇಳಿದಂಗ ಕ್ಲಾಸ ನಡೀತೈತಿ, ಮುಗೀತು."

ಮೆಟ್ಟಿಲು ಇಳಿಯುವಾಗ ಹೊಳೆಯಿತು: ಗೌಡರು ಹೆಂಡತಿಯ ಹೆಸರನ್ನು ಒಂದಿಷ್ಟೂ ತಡವರಿಸದೆ ಹೇಳಿದ್ದರು. ಮೇಡಮ್ಮೋರ ಪಾಠ ಫಲಿಸಿತ್ತು.

ಕಡೆಯ ದಿನ ಅವರು ಸ್ಟಾಫ್ ರೂಮಿನ ಕಪಾಟಿನಿಂದ ಪುಸ್ತಕ ತೆಗೆದು ಚೀಲಕ್ಕೆ ತುಂಬುತ್ತಿದ್ದರು. ನಾನು ಚೀಲದ ಬಾಯಿ ಹಿಡಿದು ನಿಂತೆ.

"ಬ್ಯಾಸರ ಆಗೇತೇನ್ರಿ ಸರ್?"

"ಆಗೇತ್ರಿ."

"ಸಿಟ್ಟು?"

"ಅದೂ ಬಂದೈತ್ರಿ."

"ಜ್ವಾಪಾನ ಇಟಗೋರಿ. ಪಾಠಕ್ಕ ಬೇಕಾಗತೈತಿ," ಎಂದು ಚೀಲ ಹೆಗಲಿಗೇರಿಸಿ ನಡೆದರು. ಈಗ ರಾಯಚೂರಿನ ಕಡೆ ಎಲ್ಲೋ ಇದ್ದಾರಂತೆ, ಅಲ್ಲಿಯೂ ಅತಿಥಿಯೇ.

ಮುಂದಿನ ವರ್ಷದ ಮೊದಲ ತರಗತಿಗೆ ನಾನು ಪುಸ್ತಕ ಹಿಡಿದು ಹೋದೆ. ಪೀಠಿಕೆ ಓದಿ ಮುಗಿಸುವಷ್ಟರಲ್ಲಿ ರೇಣುಕಾ ಎದ್ದು ನಿಂತಳು.

"ಸರ್, ಮೇಡಮ್ಮೋರನ್ನ ಯಾಕ ತಗದ್ರಿ? ಇದು ಪರೀಕ್ಷಾಕ್ಕ ಬರತೈತೇನ್ರಿ?"

ನಾನು ಪುಸ್ತಕ ಮುಚ್ಚಿದೆ.

"ಬರತೈತಿ," ಎಂದೆ. "ಉತ್ತರ ನೀನ ಬರಿಯವ್ವಾ, ಎಲ್ಲಾರೂ ನೋಡೋಣು."

ಸೀಮೆಸುಣ್ಣ ಕೊಟ್ಟು ಬದಿಗೆ ನಿಂತೆ. ಗಂಟೆ ಬಾರಿಸಿದಾಗ ಬೋರ್ಡಿನಲ್ಲಿ ಜಾಗ ಉಳಿದಿರಲಿಲ್ಲ. ಅವಳು ಇನ್ನೂ ಬರೆಯುತ್ತಿದ್ದಳು.